ಕಾರ್ಮಿಕರ ಮಕ್ಕಳು ಮತ್ತು ಸರ್ಕಾರಿ ಶಾಲೆ: ಬಾಗಲೂರು ಭಾಗದ ಉದ್ಯಮಿಗಳು ತಿಳಿದಿರಬೇಕಾದ ಸಂಗತಿಗಳು

ವ್ಯಾಪಾರಸ್ಥರು ಹಾಗೂ ಸಣ್ಣ ಕೈಗಾರಿಕೋದ್ಯಮಿಗಳಾದ ನಾವು ತೆರಿಗೆ ದರಗಳ ಬದಲಾವಣೆಯನ್ನೂ, ವಿದ್ಯುತ್ ಶುಲ್ಕದ ಪರಿಷ್ಕರಣೆಯನ್ನೂ, ಬ್ಯಾಂಕುಗಳ ಬಡ್ಡಿ ದರವನ್ನೂ ಬೆರಳ ತುದಿಯಲ್ಲಿಟ್ಟುಕೊಂಡಿರುತ್ತೇವೆ. ಆದರೆ ನಮ್ಮ ಕಾರ್ಖಾನೆಯ ಗೇಟಿನಿಂದ ಒಂದೆರಡು ಕಿಲೋಮೀಟರ್ ದೂರದಲ್ಲಿರುವ ಸರ್ಕಾರಿ ಶಾಲೆಯಲ್ಲಿ ಯಾವ ಯಾವ ಸೌಲಭ್ಯಗಳಿವೆ, ಅವುಗಳಲ್ಲಿ ನಮ್ಮ ಕೆಲಸಗಾರರ ಮಕ್ಕಳಿಗೆ ಸಲ್ಲಬೇಕಾದುದೆಷ್ಟು ಎಂದು ಕೇಳಿದರೆ ನಮ್ಮಲ್ಲಿ ಬಹುತೇಕರು ನಿರುತ್ತರರಾಗುತ್ತೇವೆ. ‘ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರು’ ಎಂಬ ಗಾದೆ ಇಂತಹ ಸಂದರ್ಭಕ್ಕೇ ಹುಟ್ಟಿರಬೇಕು. ಕುಶಲ ಕೆಲಸಗಾರರು ಸಿಗುತ್ತಿಲ್ಲ, ಸಿಕ್ಕವರು ನಿಲ್ಲುತ್ತಿಲ್ಲ ಎಂದು ಪ್ರತಿ ಸಭೆಯಲ್ಲಿಯೂ ಅಳಲು ತೋಡಿಕೊಳ್ಳುವ ನಾವು, ಅದೇ ಕೆಲಸಗಾರರ ಮಕ್ಕಳು ಎಲ್ಲಿ ಓದುತ್ತಿದ್ದಾರೆ ಎಂಬುದನ್ನು ವಿಚಾರಿಸುವುದು ವಿರಳ. ಈ ಎರಡು ಸಂಗತಿಗಳಿಗೆ ನಿಕಟ ಸಂಬಂಧವಿದೆ ಎಂಬುದನ್ನು ಸದಸ್ಯರ ಗಮನಕ್ಕೆ ತರುವುದೇ ಪ್ರಸ್ತುತ ಲೇಖನದ ಉದ್ದೇಶ.

ಯಲಹಂಕದಿಂದ ಪೂರ್ವೋತ್ತರಕ್ಕೆ, ಜಾಲ ಹೋಬಳಿಗೆ ಸೇರಿದ ಬಾಗಲೂರು ಒಂದು ಕಾಲಕ್ಕೆ ದ್ರಾಕ್ಷಿ, ತರಕಾರಿ, ರಾಗಿಯ ಹೊಲಗಳ ನಡುವಿನ ಹಳ್ಳಿ. 2008ರ ಮೇ 24ರಂದು ದೇವನಹಳ್ಳಿಯ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಕಾರ್ಯಾರಂಭ ಮಾಡಿದ ನಂತರ ಈ ಭಾಗದ ಚಹರೆಯೇ ಬದಲಾಯಿತು. ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ ಹಾರ್ಡ್‌ವೇರ್ ಪಾರ್ಕ್ ಮತ್ತು ಏರೋಸ್ಪೇಸ್ ಪಾರ್ಕ್‌ಗಳು ಸಮೀಪದಲ್ಲಿಯೇ ತಲೆಯೆತ್ತಿದವು. ಅವುಗಳ ಬೆನ್ನಿಗೇ ಬಡಾವಣೆಗಳು, ಬಹುಮಹಡಿ ವಸತಿ ಸಮುಚ್ಚಯಗಳು, ಗೋದಾಮುಗಳು, ಹಾಲೋ ಬ್ಲಾಕ್ ಘಟಕಗಳು, ವೆಲ್ಡಿಂಗ್ ಮತ್ತು ಫ್ಯಾಬ್ರಿಕೇಷನ್ ಶೆಡ್‌ಗಳು ಬಂದವು. ಕಲ್ಲು ಗಣಿ ಮತ್ತು ಕ್ರಷರ್‌ಗಳು ಈ ಸುತ್ತಿನಲ್ಲಿ ಅದಕ್ಕೂ ಮೊದಲೇ ಇದ್ದವು. ಇವೆಲ್ಲದರಲ್ಲಿ ದುಡಿಯುವ ಕೈಗಳು ಬಹುಪಾಲು ಹೊರಗಿನವು: ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ, ಆಂಧ್ರದ ಗಡಿ ತಾಲ್ಲೂಕುಗಳಿಂದ, ಇನ್ನೂ ದೂರದ ಒಡಿಶಾ, ಬಿಹಾರ, ಬಂಗಾಳಗಳಿಂದ ಬಂದವು. ಕೆಲಸಗಾರ ಬಂದನೆಂದರೆ ಅನೇಕ ವೇಳೆ ಸಂಸಾರವೂ ಬಂದಿದೆ, ಮಕ್ಕಳೂ ಬಂದಿದ್ದಾರೆ ಎಂದೇ ಅರ್ಥ.

ಕಣ್ಣೆದುರಿಗಿದ್ದ ಒಂದು ಪ್ರಸಂಗ

ಈ ಲೇಖಕನ ಸ್ವಂತ ಅನುಭವವೊಂದನ್ನು ಇಲ್ಲಿ ಪ್ರಸ್ತಾಪಿಸುವುದು ಅನುಚಿತವಾಗಲಾರದು. ಕೆಲವು ವರ್ಷಗಳ ಹಿಂದೆ ನಮ್ಮ ಸಿಮೆಂಟ್ ಬ್ಲಾಕ್ ಘಟಕಕ್ಕೆ ದೀಪಾವಳಿಯ ಆಸುಪಾಸಿನಲ್ಲಿ ರಾಯಚೂರು ಜಿಲ್ಲೆಯ ಒಂದು ಸಂಸಾರ ಕೆಲಸಕ್ಕೆ ಬಂದಿತು. ಗಂಡ ಹೆಂಡತಿ ಇಬ್ಬರೂ ದುಡಿಮೆಗಾರರು. ಹನ್ನೊಂದು ವರ್ಷದ ಹುಡುಗ, ಒಂಬತ್ತು ವರ್ಷದ ಹುಡುಗಿ, ಇನ್ನೂ ನಾಲ್ಕು ತುಂಬದ ಒಂದು ಗಂಡು ಕೂಸು. ಅಂಗಳದ ಮೂಲೆಯ ತಗಡಿನ ಮನೆಯಲ್ಲಿ ಅವರ ವಾಸ. ಹುಡುಗಿ ಇಡೀ ದಿನ ತಮ್ಮನನ್ನು ಸೊಂಟದ ಮೇಲೆ ಹೊತ್ತು ಮರಳಿನ ರಾಶಿಯ ಬಳಿ ಓಡಾಡುತ್ತಿದ್ದಳು. ಒಂದು ದಿನ ತಾಯಿಯನ್ನು ಕರೆದು, ‘ಏನಮ್ಮಾ, ಮಗಳನ್ನ ಸ್ಕೂಲಿಗೆ ಯಾಕೆ ಕಳಿಸಲಿಲ್ಲ?’ ಎಂದು ಕೇಳಿದಾಗ ಆಕೆ, ‘ಸಾವ್ಕಾರ್ರೆ, ಈ ಸಣ್ಣದನ್ನ ಯಾರ್ ನೋಡ್ಕೊಂತಾರ್ರಿ? ಅದೂ ಅಲ್ದ ವರ್ಷದ ನಡುವ ಯಾರ್ ಸೇರಿಸ್ಕೊಂತಾರ್ರಿ? ಟೀಸಿ ಊರಾಗ ಐತ್ರಿ’ ಎಂದಳು.

ಆಕೆಯ ಮಾತು ನ್ಯಾಯವೆಂದೇ ನನಗೂ ಅನ್ನಿಸಿತು. ಜೂನ್ ಬರಲಿ, ನೋಡೋಣ ಎಂದು ಸುಮ್ಮನಾದೆ. ಜೂನ್ ಬರುವಷ್ಟರಲ್ಲಿ ಹುಡುಗ ಅಕ್ಕಪಕ್ಕದ ಯಾವುದೋ ಟೀ ಅಂಗಡಿಯಲ್ಲಿ ಲೋಟ ತೊಳೆಯಲು ಸೇರಿಕೊಂಡಿದ್ದ. ಅವನು ಮತ್ತೆ ಶಾಲೆಯ ಮೆಟ್ಟಿಲು ಹತ್ತಲಿಲ್ಲ. ಬಹಳ ದಿನಗಳ ನಂತರ ಬೇರೆ ಕೆಲಸದ ನಿಮಿತ್ತ ಸಮೀಪದ ಸರ್ಕಾರಿ ಶಾಲೆಗೆ ಹೋದಾಗ ಮುಖ್ಯೋಪಾಧ್ಯಾಯಿನಿಯವರು ಹೇಳಿದ ಮಾತು ನನ್ನನ್ನು ತಲೆತಗ್ಗಿಸುವಂತೆ ಮಾಡಿತು. ವರ್ಷದ ಯಾವ ದಿನ ಬಂದರೂ ಮಗುವನ್ನು ಸೇರಿಸಿಕೊಳ್ಳಲೇಬೇಕು, ಟಿ.ಸಿ. ಇಲ್ಲವೆಂಬ ಕಾರಣಕ್ಕೆ ಹಿಂದಕ್ಕೆ ಕಳುಹಿಸುವಂತಿಲ್ಲ, ಚಿಕ್ಕ ಮಗುವಿಗೆ ಅಂಗನವಾಡಿ ಇದೆ. ನೀವು ಒಂದು ದಿನ ಆ ತಾಯಿಗೆ ಅರ್ಧ ದಿನ ರಜೆ ಕೊಟ್ಟು ಕಳುಹಿಸಿದ್ದರೆ ಸಾಕಿತ್ತಲ್ಲ ಎಂದರು. ಮರುದಿನವೇ ಹುಡುಗಿಯ ದಾಖಲಾತಿಯಾಯಿತು. ಕೂಸು ಅಂಗನವಾಡಿಗೆ ಹೋಯಿತು. ಹುಡುಗನ ವಿಷಯದಲ್ಲಿ ಮಾತ್ರ ತಡವಾಗಿತ್ತು. ನನಗೆ ಗೊತ್ತಿರಲಿಲ್ಲ ಎಂಬ ಒಂದೇ ಕಾರಣಕ್ಕೆ ಒಂದು ಮಗುವಿನ ಓದು ನಿಂತಿತು. ಇದು ಇನ್ನೊಬ್ಬ ಸದಸ್ಯರ ಅಂಗಳದಲ್ಲಿ ಮರುಕಳಿಸಬಾರದು.

ಯಾರನ್ನು ಕಾಣಬೇಕು?

ಶಿಕ್ಷಣ ಇಲಾಖೆಯ ರಚನೆಯನ್ನು ಸ್ಥೂಲವಾಗಿಯಾದರೂ ತಿಳಿದಿದ್ದರೆ ಅಲೆದಾಟ ತಪ್ಪುತ್ತದೆ. ಕರ್ನಾಟಕದಲ್ಲಿ ಕಂದಾಯ ಜಿಲ್ಲೆಗಳು 31 ಇದ್ದರೂ ಶೈಕ್ಷಣಿಕ ಜಿಲ್ಲೆಗಳು ಅದಕ್ಕಿಂತ ಹೆಚ್ಚು. ಚಿಕ್ಕೋಡಿ, ಮಧುಗಿರಿ, ಶಿರಸಿಗಳಂತೆ ಬೆಂಗಳೂರು ನಗರ ಜಿಲ್ಲೆಯನ್ನೂ ಇಲಾಖೆಯ ಅನುಕೂಲಕ್ಕಾಗಿ ಉತ್ತರ ಮತ್ತು ದಕ್ಷಿಣ ಎಂದು ವಿಭಾಗಿಸಲಾಗಿದೆ. ಶೈಕ್ಷಣಿಕ ಜಿಲ್ಲೆಗೆ ಉಪನಿರ್ದೇಶಕರು ಮುಖ್ಯಸ್ಥರು. ಅದರ ಕೆಳಗೆ ವಲಯಗಳು. ಬೆಂಗಳೂರು ಉತ್ತರ ಶೈಕ್ಷಣಿಕ ಜಿಲ್ಲೆಯ ನಾಲ್ಕನೆಯ ವಲಯವೇ ಯಲಹಂಕ. ವಲಯಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಗಳಿದ್ದಾರೆ. ಬೋಧನೆಯ ಗುಣಮಟ್ಟ, ಶಾಲೆಯಿಂದ ಹೊರಗುಳಿದ ಮಕ್ಕಳ ಪತ್ತೆ, ವಿಶೇಷ ಅಗತ್ಯವುಳ್ಳ ಮಕ್ಕಳ ಶಿಕ್ಷಣ ಮೊದಲಾದ ಕಾರ್ಯಗಳಿಗಾಗಿ ಕ್ಷೇತ್ರ ಸಂಪನ್ಮೂಲ ಕೇಂದ್ರವಿದೆ. ಅಕ್ಕಪಕ್ಕದ ಹಲವು ಶಾಲೆಗಳನ್ನು ಸೇರಿಸಿ ಮಾಡಿದ ಗುಂಪಿಗೆ ಒಬ್ಬರು ಸಮೂಹ ಸಂಪನ್ಮೂಲ ವ್ಯಕ್ತಿ (ಸಿ.ಆರ್.ಪಿ.) ಇರುತ್ತಾರೆ. ಉದ್ಯಮಿಯ ಮಟ್ಟಿಗೆ ಮುಖ್ಯರಾದವರು ಇಬ್ಬರೇ: ಸಮೀಪದ ಶಾಲೆಯ ಮುಖ್ಯೋಪಾಧ್ಯಾಯರು ಮತ್ತು ಆ ಭಾಗದ ಸಿ.ಆರ್.ಪಿ. ಈ ಇಬ್ಬರ ದೂರವಾಣಿ ಸಂಖ್ಯೆಗಳು ನಿಮ್ಮ ಕಛೇರಿಯ ಗೋಡೆಯ ಮೇಲಿದ್ದರೆ ಅರ್ಧ ಕೆಲಸ ಆದಂತೆಯೇ.

ಇದರೊಂದಿಗೆ ಪ್ರತಿ ಸರ್ಕಾರಿ ಪ್ರಾಥಮಿಕ ಶಾಲೆಗೂ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್.ಡಿ.ಎಂ.ಸಿ.) ಇದೆ. ಡಾ. ರಾಜಾ ರಾಮಣ್ಣನವರ ನೇತೃತ್ವದ ಶಿಕ್ಷಣ ಕಾರ್ಯಪಡೆಯ ಚಿಂತನೆಯ ಹಿನ್ನೆಲೆಯಲ್ಲಿ 2001ರಲ್ಲಿ ಕರ್ನಾಟಕ ಈ ಸಮಿತಿಗಳನ್ನು ರಚಿಸಿತು. ದೇಶದ ಶಿಕ್ಷಣ ಹಕ್ಕು ಕಾಯ್ದೆ ಶಾಲಾ ಸಮಿತಿಗಳಲ್ಲಿ ಮುಕ್ಕಾಲು ಪಾಲು ಪೋಷಕರಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು ಎಂದು ವಿಧಿಸುವುದಕ್ಕೆ ಎಂಟು ವರ್ಷ ಮೊದಲೇ ನಮ್ಮ ರಾಜ್ಯ ಪೋಷಕರ ಕೈಗೆ ಶಾಲೆಯ ಮೇಲುಸ್ತುವಾರಿಯನ್ನು ಕೊಟ್ಟಿತ್ತು ಎಂಬುದು ಗಮನಾರ್ಹ.

ದಾಖಲಾತಿ: ಕಾನೂನು ಏನು ಹೇಳುತ್ತದೆ?

ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣದ ಹಕ್ಕು ಕಾಯ್ದೆ 2009ರಲ್ಲಿ ಅಂಗೀಕಾರವಾಗಿ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಆರರಿಂದ ಹದಿನಾಲ್ಕು ವರ್ಷದ ಪ್ರತಿಯೊಂದು ಮಗುವಿಗೂ ನೆರೆಹೊರೆಯ ಶಾಲೆಯಲ್ಲಿ ಉಚಿತ ಶಿಕ್ಷಣ ಪಡೆಯುವ ಹಕ್ಕನ್ನು ಅದು ನೀಡಿದೆ. ವಲಸೆ ಬಂದ ಸಂಸಾರಗಳಿಗೆ ಅತ್ಯುಪಯುಕ್ತವಾದ ಅಂಶಗಳು ಇಂತಿವೆ:

1. ವಯಸ್ಸಿನ ಪ್ರಮಾಣಪತ್ರವಿಲ್ಲ ಎಂಬ ಕಾರಣಕ್ಕೆ ಪ್ರವೇಶ ನಿರಾಕರಿಸುವಂತಿಲ್ಲ (ಪ್ರಕರಣ 14).

2. ಶೈಕ್ಷಣಿಕ ವರ್ಷ ಆರಂಭವಾಗಿ ತಿಂಗಳುಗಳು ಕಳೆದಿದ್ದರೂ ಪ್ರವೇಶ ನಿರಾಕರಿಸುವಂತಿಲ್ಲ (ಪ್ರಕರಣ 15).

3. ಹಳೆಯ ಶಾಲೆಯಿಂದ ವರ್ಗಾವಣೆ ಪತ್ರ ಬರುವುದು ತಡವಾಯಿತೆಂದು ಪ್ರವೇಶವನ್ನು ತಡೆಹಿಡಿಯುವಂತಿಲ್ಲ (ಪ್ರಕರಣ 5).

4. ಶಾಲೆಗೆ ಹೋಗದೆ ಉಳಿದ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಬೇಕು. ಸಹಪಾಠಿಗಳ ಮಟ್ಟಕ್ಕೆ ಬರಲು ವಿಶೇಷ ತರಬೇತಿ ನೀಡಬೇಕು (ಪ್ರಕರಣ 4).

5. ವಲಸೆ ಕುಟುಂಬಗಳ ಮಕ್ಕಳ ಪ್ರವೇಶವನ್ನು ಖಚಿತಪಡಿಸುವುದು ಸ್ಥಳೀಯ ಸಂಸ್ಥೆಯ ಕರ್ತವ್ಯಗಳಲ್ಲೊಂದು (ಪ್ರಕರಣ 9).

ಮಗು ರಾಜ್ಯದ ಮತ್ತೊಂದು ಜಿಲ್ಲೆಯಿಂದ ಬಂದಿದ್ದರೆ ಕೆಲಸ ಇನ್ನೂ ಸುಲಭ. ರಾಜ್ಯದ ಶಾಲೆಗಳಲ್ಲಿ ಓದುವ ಪ್ರತಿ ವಿದ್ಯಾರ್ಥಿಗೂ ಎಸ್.ಎ.ಟಿ.ಎಸ್. ಎಂಬ ಗಣಕೀಕೃತ ವ್ಯವಸ್ಥೆಯಲ್ಲಿ ಒಂದು ಸಂಖ್ಯೆ ಇರುತ್ತದೆ. ಆ ಸಂಖ್ಯೆಯಾಗಲೀ, ಕನಿಷ್ಠ ಹಳೆಯ ಶಾಲೆಯ ಹೆಸರಾಗಲೀ ಗೊತ್ತಿದ್ದರೆ ಇಲ್ಲಿನ ಮುಖ್ಯೋಪಾಧ್ಯಾಯರು ಅಲ್ಲಿನವರನ್ನು ಸಂಪರ್ಕಿಸಿ ದಾಖಲೆ ತರಿಸಿಕೊಳ್ಳಬಲ್ಲರು. ತಂದೆ ತಾಯಿ ಕೂಲಿ ಬಿಟ್ಟು ರಾಯಚೂರಿಗೆ ಹೋಗಿ ಬರಬೇಕಾದ ಅಗತ್ಯವಿಲ್ಲ.

ಶಾಲೆಯಲ್ಲಿ ದೊರೆಯುವುದೇನು?

ಎಂಟನೆಯ ತರಗತಿಯವರೆಗೆ ಶುಲ್ಕವಿಲ್ಲ. ಪಠ್ಯಪುಸ್ತಕ, ಸಮವಸ್ತ್ರಗಳು ಉಚಿತ. 2015-16ರಿಂದ ಶೂ ಮತ್ತು ಕಾಲುಚೀಲಗಳೂ ಸೇರಿವೆ. ಎಲ್ಲಕ್ಕಿಂತ ದೊಡ್ಡ ಸೇವೆ ಮಧ್ಯಾಹ್ನದ ಊಟ. ಬೆಂಗಳೂರಿನಲ್ಲಿ ಅಕ್ಷಯ ಪಾತ್ರೆ ಸಂಸ್ಥೆ 2000ದಲ್ಲಿ ಐದು ಶಾಲೆಗಳ 1,500 ಮಕ್ಕಳಿಗೆ ಬಿಸಿಯೂಟ ನೀಡುವುದರೊಂದಿಗೆ ಕಾರ್ಯಾರಂಭ ಮಾಡಿತು. 2001ರ ನವೆಂಬರ್ 28ರಂದು ಸರ್ವೋಚ್ಚ ನ್ಯಾಯಾಲಯ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಬೇಯಿಸಿದ ಊಟವನ್ನೇ ನೀಡಬೇಕೆಂದು ಆದೇಶಿಸಿತು. 2002ರಲ್ಲಿ ಉತ್ತರ ಕರ್ನಾಟಕದ ಏಳು ಜಿಲ್ಲೆಗಳಲ್ಲಿ ಆರಂಭವಾದ ‘ಅಕ್ಷರ ದಾಸೋಹ’ 2003ರಲ್ಲಿ ರಾಜ್ಯದ ಉಳಿದ ಭಾಗಗಳಿಗೂ ವಿಸ್ತರಿಸಿತು. ಮುಂದೆ ಪ್ರೌಢಶಾಲೆಯ ಮಕ್ಕಳಿಗೂ ಊಟದ ವ್ಯವಸ್ಥೆಯಾಯಿತು. 2013ರ ಆಗಸ್ಟ್ 1ರಿಂದ ‘ಕ್ಷೀರ ಭಾಗ್ಯ’ದಡಿ ಹಾಲು, 2024ರಿಂದ ಅದರ ಜೊತೆಗೆ ರಾಗಿ ಮಿಶ್ರಣ ಬಂದವು. ಅದೇ 2024ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ಸಹಯೋಗದೊಂದಿಗೆ ಮೊಟ್ಟೆ ವಿತರಣೆಯನ್ನು ವಾರದ ಆರು ದಿನಗಳಿಗೆ ವಿಸ್ತರಿಸಲಾಯಿತು. ಇದಕ್ಕಾಗಿ ಪ್ರತಿಷ್ಠಾನ ಮೂರು ವರ್ಷಗಳಲ್ಲಿ ಸುಮಾರು 1,500 ಕೋಟಿ ರೂಪಾಯಿ ಒದಗಿಸುವುದೆಂದು ಒಪ್ಪಂದವಾಯಿತು. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು.

ದಿನಗೂಲಿಯ ತಾಯಿಯೊಬ್ಬಳ ಲೆಕ್ಕದಲ್ಲಿ ಇದರ ಬೆಲೆಯೇನು ಎಂಬುದನ್ನು ವ್ಯಾಪಾರಸ್ಥರಾದ ನಾವು ಸುಲಭವಾಗಿ ಊಹಿಸಬಹುದು. ಬೆಳಿಗ್ಗೆ ಹಾಲು, ಮಧ್ಯಾಹ್ನ ಊಟ, ಸಂಜೆಯವರೆಗೆ ಮಗು ನಾಲ್ಕು ಗೋಡೆಗಳ ನಡುವೆ ಸುರಕ್ಷಿತ. ಮಿಕ್ಸರ್, ಲಾರಿ, ಜಲ್ಲಿ ರಾಶಿಗಳ ನಡುವೆ ಮಗು ಆಡುತ್ತಿದೆಯೆಂಬ ಆತಂಕ ತಾಯಿಗೂ ಇಲ್ಲ, ಮಾಲೀಕನಿಗೂ ಇಲ್ಲ.

ಆರೋಗ್ಯ ತಪಾಸಣೆಯೂ ಶಾಲೆಯ ಮೂಲಕವೇ ಆಗುತ್ತದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ವೈದ್ಯಕೀಯ ತಂಡಗಳು ಶಾಲೆ ಮತ್ತು ಅಂಗನವಾಡಿಗಳಿಗೆ ಭೇಟಿ ನೀಡಿ ಕಣ್ಣು, ಕಿವಿ, ಹಲ್ಲು, ಹೃದಯ, ರಕ್ತಹೀನತೆ ಮುಂತಾದವನ್ನು ಪರೀಕ್ಷಿಸಿ, ಅಗತ್ಯವಿದ್ದಲ್ಲಿ ಆಸ್ಪತ್ರೆಗೆ ಕಳುಹಿಸುತ್ತವೆ. ಶಾಲೆಯ ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದ ಮಗು ಈ ತಪಾಸಣೆಯಿಂದಲೂ ವಂಚಿತವಾಗುವ ಸಂಭವವೇ ಹೆಚ್ಚು. ಅಂಗವಿಕಲ ಮಕ್ಕಳಿಗಾಗಿ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ವಿಶೇಷ ತರಬೇತಿ ಪಡೆದ ಶಿಕ್ಷಕರಿದ್ದಾರೆ. ಶ್ರವಣ ಸಾಧನ, ಗಾಲಿ ಕುರ್ಚಿ ಮೊದಲಾದ ಸಲಕರಣೆಗಳಿಗಾಗಿ ವೈದ್ಯಕೀಯ ಶಿಬಿರಗಳು ನಡೆಯುತ್ತವೆ. ಶಾಲೆಗೆ ಬರಲಾಗದ ಮಗುವಿಗೆ ಮನೆಯಲ್ಲಿಯೇ ಕಲಿಸುವ ಗೃಹಾಧಾರಿತ ಶಿಕ್ಷಣದ ಅವಕಾಶವೂ ಇದೆ. ತೀವ್ರ ನ್ಯೂನತೆಯ ಮಗುವನ್ನು ಮನೆಯಲ್ಲಿ ಬಚ್ಚಿಟ್ಟುಕೊಂಡಿರುವ ಕೆಲಸಗಾರರಿಗೆ ಈ ಮಾಹಿತಿ ತಲುಪಿಸುವುದು ಪುಣ್ಯದ ಕೆಲಸ.

ಭಾಷೆ ಬಾರದ ಮಗು, ಓದು ತಪ್ಪಿದ ಮಗು

ಹಿಂದಿ, ಒಡಿಯಾ, ತೆಲುಗು ಮಾತನಾಡುವ ಮಗು ಕನ್ನಡ ಶಾಲೆಯಲ್ಲಿ ಏನು ಮಾಡೀತು ಎಂಬ ಪ್ರಶ್ನೆ ಸಹಜ. ಕಿರಿಯ ತರಗತಿಗಳಲ್ಲಿ ‘ನಲಿ ಕಲಿ’ ಪದ್ಧತಿ ಜಾರಿಯಲ್ಲಿದೆ. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಯುನಿಸೆಫ್ ನೆರವಿನಿಂದ, ಆಂಧ್ರದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳ ಮಾದರಿಯನ್ನು ನೋಡಿ ಬಂದ ಶಿಕ್ಷಕರೇ ರೂಪಿಸಿದ ಈ ಪದ್ಧತಿ 2009-10ರಲ್ಲಿ ರಾಜ್ಯವ್ಯಾಪಿಯಾಯಿತು. ಇದರಲ್ಲಿ ಪಾಠ ಕಾರ್ಡುಗಳ ರೂಪದಲ್ಲಿರುತ್ತದೆ; ಮಗು ಹಾಡು, ಆಟ, ಚಿತ್ರಗಳ ಮೂಲಕ ಒಂದೊಂದೇ ಮೆಟ್ಟಿಲನ್ನು ತನ್ನದೇ ವೇಗದಲ್ಲಿ ಹತ್ತುತ್ತದೆ. ವರ್ಷದ ನಡುವೆ ಬಂದ ಮಗುವೂ ಮೊದಲ ಮೆಟ್ಟಿಲಿನಿಂದ ಆರಂಭಿಸಬಹುದಾದ್ದರಿಂದ ವಲಸೆ ಮಕ್ಕಳಿಗೆ ಇದು ಹೊಂದಿಕೊಳ್ಳುತ್ತದೆ. 2019-20ರಿಂದ ಸಾವಿರ ಸರ್ಕಾರಿ ಶಾಲೆಗಳಲ್ಲಿ ಕನ್ನಡದೊಂದಿಗೆ ಆಂಗ್ಲ ಮಾಧ್ಯಮದ ವಿಭಾಗಗಳನ್ನೂ ತೆರೆಯಲಾಯಿತು. 2018ರಿಂದ ಸ್ಥಾಪಿತವಾಗುತ್ತಿರುವ ಕರ್ನಾಟಕ ಪಬ್ಲಿಕ್ ಶಾಲೆಗಳಲ್ಲಿ ಶಿಶುವಿಹಾರದಿಂದ ದ್ವಿತೀಯ ಪಿ.ಯು.ಸಿ.ವರೆಗೆ ಒಂದೇ ಆವರಣದಲ್ಲಿ ಓದಬಹುದು.

ಹಲವು ತಿಂಗಳು ಅಥವಾ ವರ್ಷಗಳ ಕಾಲ ಓದು ತಪ್ಪಿದ ಮಕ್ಕಳಿಗೆ ಸಮಗ್ರ ಶಿಕ್ಷಣ ಯೋಜನೆಯಡಿ ವಿಶೇಷ ತರಬೇತಿ ಕೇಂದ್ರಗಳಿಗೆ ಅವಕಾಶವಿದೆ. ಸರ್ವ ಶಿಕ್ಷಣ ಅಭಿಯಾನದ ದಿನಗಳಲ್ಲಿ ‘ಚಿನ್ನರ ಅಂಗಳ’ ಎಂಬ ಸೇತುಬಂಧ ಶಿಬಿರಗಳೂ, ಕಟ್ಟಡ ಕಾಮಗಾರಿ ಸ್ಥಳಗಳಲ್ಲಿ ಟೆಂಟ್ ಶಾಲೆಗಳೂ ಇದೇ ಉದ್ದೇಶಕ್ಕೆ ನಡೆದವು. ಒಂದೇ ಸ್ಥಳದಲ್ಲಿ ಅನೇಕ ಮಕ್ಕಳಿದ್ದಲ್ಲಿ ಕ್ಷೇತ್ರ ಸಂಪನ್ಮೂಲ ಕೇಂದ್ರಕ್ಕೆ ಲಿಖಿತ ಮನವಿ ಸಲ್ಲಿಸುವುದು ಸೂಕ್ತ. ಎಷ್ಟು ಮಕ್ಕಳು, ಯಾವ ವಯಸ್ಸು, ಯಾವ ಭಾಷೆ, ಎಲ್ಲಿ ವಾಸ ಎಂಬ ನಾಲ್ಕು ಅಂಶಗಳ ಪಟ್ಟಿಯನ್ನು ಉದ್ಯಮಿಯೇ ಒದಗಿಸಿದರೆ ಇಲಾಖೆಯ ಕೆಲಸ ಬಹುಮಟ್ಟಿಗೆ ಹಗುರವಾಗುತ್ತದೆ.

ಕೆಲವು ಕುಟುಂಬಗಳು ಆರು ತಿಂಗಳು ಇಲ್ಲಿ, ಆರು ತಿಂಗಳು ಊರಿನಲ್ಲಿ ಎಂಬಂತೆ ಬಾಳುತ್ತವೆ. ಅಂತಹವರ ಮಕ್ಕಳಿಗೆ ಊರಿನ ಬಳಿಯ ವಿದ್ಯಾರ್ಥಿನಿಲಯವೇ ಲೇಸು. ಸಮಾಜ ಕಲ್ಯಾಣ ಹಾಗೂ ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಗಳ ಮೆಟ್ರಿಕ್ ಪೂರ್ವ ವಿದ್ಯಾರ್ಥಿನಿಲಯಗಳಿವೆ. ಶೈಕ್ಷಣಿಕವಾಗಿ ಹಿಂದುಳಿದ ತಾಲ್ಲೂಕುಗಳಲ್ಲಿ ಹೆಣ್ಣುಮಕ್ಕಳಿಗಾಗಿ 2004ರಲ್ಲಿ ಆರಂಭವಾದ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯಗಳಿವೆ.

ಪ್ರೌಢಶಾಲೆಯಿಂದ ಕಾರ್ಯಾಗಾರದವರೆಗೆ

ಇನ್ನು ನಮ್ಮ ಉದ್ಯಮಗಳಿಗೆ ನೇರವಾಗಿ ಸಂಬಂಧಿಸಿದ ಸೇವೆಯತ್ತ ಬರೋಣ. ಆಯ್ದ ಸರ್ಕಾರಿ ಪ್ರೌಢಶಾಲೆಗಳಲ್ಲಿ 9 ಮತ್ತು 10ನೆಯ ತರಗತಿಗಳಿಗೆ ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟಿನಡಿ (ಎನ್.ಎಸ್.ಕ್ಯು.ಎಫ್.) ವೃತ್ತಿ ಶಿಕ್ಷಣವನ್ನು ಅಳವಡಿಸಲಾಗಿದೆ. ಮಾಹಿತಿ ತಂತ್ರಜ್ಞಾನ, ಚಿಲ್ಲರೆ ವ್ಯಾಪಾರ, ಆಟೋಮೊಬೈಲ್, ಆರೋಗ್ಯ ಸೇವೆ ಮುಂತಾದ ವಿಷಯಗಳಲ್ಲಿ ಒಂದನ್ನು ವಿದ್ಯಾರ್ಥಿಯು ತೃತೀಯ ಭಾಷೆಯ ಬದಲಿಗೆ ಆಯ್ದುಕೊಂಡು ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿಯೂ ಅದನ್ನೇ ಬರೆಯಬಹುದು. ಈ ಮಕ್ಕಳಿಗೆ ಕೈಗಾರಿಕೆ, ಅಂಗಡಿ, ಗ್ಯಾರೇಜುಗಳ ಭೇಟಿ ಅತ್ಯಗತ್ಯ. ನಮ್ಮ ಸದಸ್ಯರು ವರ್ಷಕ್ಕೆ ಒಂದೆರಡು ದಿನ ತಮ್ಮ ಲೇತ್ ಶೆಡ್ಡಿನ, ಗೋದಾಮಿನ, ಮಳಿಗೆಯ ಬಾಗಿಲು ತೆರೆದು ಬರಮಾಡಿಕೊಂಡರೆ ಅದಕ್ಕೆ ತಗಲುವ ವೆಚ್ಚ ಒಂದು ಕಪ್ ಚಹಾದ್ದು ಮಾತ್ರ.

ಎಸ್.ಎಸ್.ಎಲ್.ಸಿ.ಯಲ್ಲಿ ಅನುತ್ತೀರ್ಣರಾದ ಮಕ್ಕಳು ಅಲ್ಲಿಗೇ ಓದು ನಿಲ್ಲಿಸಿ ಕೂಲಿಗೆ ಇಳಿಯುವುದು ಸಾಮಾನ್ಯ. 2024ರಲ್ಲಿ ವರ್ಷಕ್ಕೆ ಮೂರು ಪರೀಕ್ಷೆಗಳ ಪದ್ಧತಿ ಜಾರಿಗೆ ಬಂದಿತು; ಅನುತ್ತೀರ್ಣರಾದವರು ಅದೇ ವರ್ಷದಲ್ಲಿ ಮತ್ತೆ ಪ್ರಯತ್ನಿಸಬಹುದಾಗಿದೆ. ನಿಮ್ಮ ಕೆಲಸಗಾರನ ಮಗ ‘ಫೇಲಾದ’ ಎಂದು ತಿಳಿದಾಗ ಅವನಿಗೆ ಹೆಲ್ಪರ್ ಕೆಲಸ ಕೊಡುವುದಕ್ಕೆ ಮುನ್ನ ಮುಂದಿನ ಪರೀಕ್ಷೆ ಯಾವಾಗ ಎಂದು ಕೇಳಿ. ಉತ್ತೀರ್ಣನಾದವನಿಗೆ ಸರ್ಕಾರಿ ಐ.ಟಿ.ಐ.ಗಳಿವೆ. ಡೆನ್ಮಾರ್ಕ್ ಸಹಕಾರದೊಂದಿಗೆ 1972ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದಲ್ಲಿ (ಜಿ.ಟಿ.ಟಿ.ಸಿ.) ಟೂಲ್ ಅಂಡ್ ಡೈ ತಯಾರಿಕೆಯ ಡಿಪ್ಲೊಮಾಗೆ ಎಸ್.ಎಸ್.ಎಲ್.ಸಿ. ಸಾಕು. ಅಲ್ಲಿ ಕಲಿತವರನ್ನು ಕಾರ್ಖಾನೆಗಳು ಹುಡುಕಿಕೊಂಡು ಹೋಗುತ್ತವೆ ಎಂಬುದು ನಮಗೆಲ್ಲ ತಿಳಿದದ್ದೇ.

ಅಲ್ಲಿಂದ ಮುಂದಿನ ಹೆಜ್ಜೆ ಶಿಶಿಕ್ಷು ತರಬೇತಿ, ಅಂದರೆ ಅಪ್ರೆಂಟಿಸ್‌ಷಿಪ್. 1961ರ ಅಪ್ರೆಂಟಿಸ್ ಕಾಯ್ದೆ ಹಾಗೂ 2019ರ ನಿಯಮಗಳಂತೆ 30 ಅಥವಾ ಅದಕ್ಕಿಂತ ಹೆಚ್ಚು ಮಂದಿ ಕೆಲಸ ಮಾಡುವ ಸಂಸ್ಥೆಗಳು ಒಟ್ಟು ಸಂಖ್ಯೆಯ ಶೇ. 2.5ರಿಂದ 15ರಷ್ಟು ಶಿಶಿಕ್ಷುಗಳನ್ನು ತೆಗೆದುಕೊಳ್ಳಬೇಕು. ಅದಕ್ಕಿಂತ ಚಿಕ್ಕ ಘಟಕಗಳು, ನಾಲ್ಕು ಮಂದಿಯಿದ್ದರೂ, ಸ್ವಇಚ್ಛೆಯಿಂದ ತೆಗೆದುಕೊಳ್ಳಬಹುದು. 2016ರಲ್ಲಿ ಆರಂಭವಾದ ರಾಷ್ಟ್ರೀಯ ಉತ್ತೇಜನ ಯೋಜನೆಯಡಿ ಶಿಷ್ಯವೇತನದ ಒಂದು ಭಾಗವನ್ನು ಕೇಂದ್ರ ಸರ್ಕಾರ ಭರಿಸುತ್ತದೆ. ನಮ್ಮ ಅಂಗಳದಲ್ಲಿಯೇ ಬೆಳೆದ, ನಮ್ಮ ಯಂತ್ರಗಳ ಸದ್ದನ್ನು ಕೇಳುತ್ತ ದೊಡ್ಡವನಾದ ಹುಡುಗ ಹತ್ತನೆಯ ತರಗತಿ ಮುಗಿಸಿ, ಐ.ಟಿ.ಐ. ಓದಿ, ಶಿಶಿಕ್ಷುವಾಗಿ ನಮ್ಮಲ್ಲಿಗೇ ಬಂದರೆ ಅದಕ್ಕಿಂತ ಉತ್ತಮ ನೇಮಕಾತಿ ಮತ್ತೊಂದಿಲ್ಲ.

ಕಾನೂನಿನ ಇನ್ನೊಂದು ಮುಖ

ಇದು ಕೇವಲ ಔದಾರ್ಯದ ಪ್ರಶ್ನೆಯಲ್ಲ ಎಂಬುದನ್ನೂ ಸ್ಪಷ್ಟಪಡಿಸಬೇಕಾಗಿದೆ. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ಆದ ತಿದ್ದುಪಡಿಯಂತೆ 14 ವರ್ಷದೊಳಗಿನ ಮಗುವನ್ನು ಯಾವುದೇ ಉದ್ಯೋಗದಲ್ಲಿ ತೊಡಗಿಸುವುದು ನಿಷಿದ್ಧ. 14ರಿಂದ 18 ವರ್ಷದವರನ್ನು ಗಣಿ, ಸ್ಫೋಟಕ ಹಾಗೂ ಅಪಾಯಕಾರಿ ಪ್ರಕ್ರಿಯೆಗಳಲ್ಲಿ ದುಡಿಸುವಂತಿಲ್ಲ. ಕಲ್ಲು ಗಣಿಗಳಿರುವ ನಮ್ಮ ಭಾಗದಲ್ಲಿ ಇದು ವಿಶೇಷವಾಗಿ ನೆನಪಿಡಬೇಕಾದ ಅಂಶ. ತಪ್ಪಿತಸ್ಥರಿಗೆ ಆರು ತಿಂಗಳಿನಿಂದ ಎರಡು ವರ್ಷದವರೆಗೆ ಸೆರೆವಾಸ, ಅಥವಾ 20,000ದಿಂದ 50,000 ರೂಪಾಯಿವರೆಗೆ ದಂಡ, ಅಥವಾ ಎರಡನ್ನೂ ವಿಧಿಸಬಹುದು. ‘ಅಪ್ಪನ ಜೊತೆ ಬಂದಿದ್ದಾನೆ, ಸುಮ್ಮನೆ ಕೈಜೋಡಿಸುತ್ತಾನೆ’ ಎಂಬ ಸಮಜಾಯಿಷಿ ಮಾಲೀಕನನ್ನು ರಕ್ಷಿಸುವುದಿಲ್ಲ. ಕುಟುಂಬದ ಸ್ವಂತ ಉದ್ಯಮದಲ್ಲಿ ಶಾಲಾ ಅವಧಿಯ ನಂತರ ನೆರವಾಗುವುದಕ್ಕೆ ಕಾನೂನು ರಿಯಾಯಿತಿ ನೀಡಿದೆ. ಪರರ ಕಾರ್ಖಾನೆ ಆ ವ್ಯಾಖ್ಯೆಯೊಳಗೆ ಬರುವುದಿಲ್ಲ. ಅಂಗಳದಲ್ಲಿ ಮಗು ಇರುವುದಕ್ಕಿಂತ ಶಾಲೆಯಲ್ಲಿರುವುದು ಮಾಲೀಕನ ನೆಮ್ಮದಿಗೂ ಒಳ್ಳೆಯದು.

ನಾವು ಮಾಡಬಹುದಾದುದು

ಸಾಮಾಜಿಕ ಹೊಣೆಗಾರಿಕೆಯೆಂದರೆ ದೊಡ್ಡ ಕಂಪನಿಗಳ ಕೆಲಸ ಎಂಬ ಭಾವನೆ ನಮ್ಮಲ್ಲಿದೆ. 2013ರ ಕಂಪನಿ ಕಾಯ್ದೆಯ 135ನೆಯ ಪ್ರಕರಣದಂತೆ 500 ಕೋಟಿ ರೂಪಾಯಿ ನಿವ್ವಳ ಸಂಪತ್ತು, 1,000 ಕೋಟಿ ವಹಿವಾಟು ಅಥವಾ 5 ಕೋಟಿ ನಿವ್ವಳ ಲಾಭವುಳ್ಳ ಕಂಪನಿಗಳಿಗೆ ಮಾತ್ರ ಶೇ. 2ರಷ್ಟು ವೆಚ್ಚ ಕಡ್ಡಾಯ. ನಮ್ಮಲ್ಲಿ ಬಹುಪಾಲು ಘಟಕಗಳು ಇದರ ವ್ಯಾಪ್ತಿಗೆ ಬರುವುದಿಲ್ಲ. ಆದರೆ ದೊಡ್ಡ ಕಂಪನಿ ಶಾಲೆಗೆ ಕಟ್ಟಡ ಕಟ್ಟಿಕೊಡಬಹುದೇ ಹೊರತು, ಯಾವ ತಗಡಿನ ಮನೆಯಲ್ಲಿ ಯಾವ ಮಗು ಶಾಲೆ ಬಿಟ್ಟು ಕುಳಿತಿದೆ ಎಂಬುದು ಅದಕ್ಕೆ ತಿಳಿಯದು. ಅದು ತಿಳಿದಿರುವುದು ಪ್ರತಿದಿನ ಹಾಜರಿ ತೆಗೆದುಕೊಳ್ಳುವ ಸಣ್ಣ ಉದ್ಯಮಿಗೆ ಮತ್ತು ಅವನ ಮೇಸ್ತ್ರಿಗೆ. ಆದ್ದರಿಂದ ಈ ಕೆಳಕಂಡ ಕ್ರಮಗಳನ್ನು ಸದಸ್ಯರು ಪರಿಶೀಲಿಸಬೇಕೆಂದು ವಿನಂತಿ:

• ಹೊಸ ಕೆಲಸಗಾರನ ವಿವರ ಬರೆದುಕೊಳ್ಳುವಾಗಲೇ ಮಕ್ಕಳ ಹೆಸರು, ವಯಸ್ಸು, ಓದಿದ ತರಗತಿ, ಹಳೆಯ ಶಾಲೆಯ ಹೆಸರನ್ನು ಬರೆದಿಡುವುದು.

• ದಾಖಲಾತಿಯ ದಿನ ತಾಯಿ ಅಥವಾ ತಂದೆಗೆ ಕೂಲಿ ಸಹಿತ ಅರ್ಧ ದಿನ ಬಿಡುವು ನೀಡುವುದು. ಕನ್ನಡ ಬಾರದವರೊಂದಿಗೆ ಮೇಸ್ತ್ರಿಯನ್ನು ಕಳುಹಿಸುವುದು.

• ಈ ಕುಟುಂಬ ನಮ್ಮ ಆವರಣದಲ್ಲಿ ವಾಸವಾಗಿದೆ ಎಂದು ಸಂಸ್ಥೆಯ ಶೀರ್ಷಿಕೆಯುಳ್ಳ ಕಾಗದದಲ್ಲಿ ಪತ್ರ ಬರೆದುಕೊಡುವುದು. ವಿಳಾಸವೇ ಇಲ್ಲದವರಿಗೆ ಇದು ದೊಡ್ಡ ಆಸರೆ.

• ಚಿಕ್ಕ ಮಕ್ಕಳನ್ನು ಅಂಗನವಾಡಿಗೆ ಕಳುಹಿಸುವಂತೆ ಮನವೊಲಿಸುವುದು. ಅಕ್ಕನ ಸೊಂಟದಿಂದ ಕೂಸು ಇಳಿದಾಗ ಮಾತ್ರ ಅಕ್ಕ ಶಾಲೆಗೆ ಹೋಗಬಲ್ಲಳು.

• ಬಾಗಲೂರು ರಸ್ತೆಯಂತಹ ಲಾರಿ ಸಂಚಾರದ ಹಾದಿಯಲ್ಲಿ ಮಕ್ಕಳು ನಡೆದು ಹೋಗಬೇಕಾದಲ್ಲಿ, ಅಕ್ಕಪಕ್ಕದ ನಾಲ್ಕಾರು ಘಟಕಗಳು ಸೇರಿ ಬೆಳಿಗ್ಗೆ ಸಂಜೆ ಜೊತೆಗೆ ಒಬ್ಬರನ್ನು ಕಳುಹಿಸುವುದು.

• ಕಾರ್ಮಿಕ ಕಲ್ಯಾಣ ನಿಧಿಗೆ ವಂತಿಗೆ ಕಟ್ಟುವ ಸಂಸ್ಥೆಗಳ ನೌಕರರ ಮಕ್ಕಳಿಗೆ ಶೈಕ್ಷಣಿಕ ಪ್ರೋತ್ಸಾಹ ಧನ ದೊರೆಯುತ್ತದೆ. ಕಟ್ಟುವ ವಂತಿಗೆಯ ರಸೀತಿಯನ್ನು ಕಡತದಲ್ಲಿಟ್ಟು ಮರೆಯದೆ, ಅರ್ಜಿ ಹಾಕಲು ನೌಕರರಿಗೆ ನೆರವಾಗುವುದು.

• ಕುಟುಂಬ ಬೇರೆಡೆಗೆ ಹೊರಟಾಗ ಲೆಕ್ಕ ಚುಕ್ತಾ ಮಾಡುವ ಮುನ್ನ, ಮಗುವಿನ ಟಿ.ಸಿ. ಪಡೆದಿರಾ ಎಂದು ಕೇಳುವುದು.

ಇವುಗಳಲ್ಲಿ ಯಾವುದಕ್ಕೂ ಹೆಚ್ಚು ಹಣ ಬೇಕಿಲ್ಲ.

ಸರ್ಕಾರಿ ಶಾಲೆಗಳಲ್ಲಿ ಎಲ್ಲವೂ ಸರಿಯಿದೆ ಎಂದು ಈ ಲೇಖನದ ಅಭಿಪ್ರಾಯವಲ್ಲ. ಶಿಕ್ಷಕರ ಹುದ್ದೆಗಳು ಖಾಲಿ ಉಳಿದು ಅತಿಥಿ ಶಿಕ್ಷಕರಿಂದ ಪಾಠ ನಡೆಸುವುದು, ಕೊಠಡಿ ಮತ್ತು ಶೌಚಾಲಯಗಳ ಕೊರತೆ, ಸಮವಸ್ತ್ರ ತಡವಾಗಿ ಬರುವುದು ಮುಂತಾದ ದೂರುಗಳು ಎಲ್ಲ ಕಡೆಗಳಿಂದಲೂ ಕೇಳಿಬರುತ್ತವೆ. ಇಂತಹ ಕಡೆ ಕೈಗಾರಿಕೆಯ ನೆರವು ಎಸ್.ಡಿ.ಎಂ.ಸಿ. ಮೂಲಕ ಹೋಗುವುದು ಉಚಿತ. ಶಾಲೆಗೆ ಬೇಕಾಗಿರುವುದು ಕೊಳಾಯಿಯೋ, ಕಿಟಕಿಯೋ, ಒಬ್ಬ ಆಯಾಳ ಸಂಬಳವೋ ಎಂಬುದನ್ನು ನಾವೇ ತೀರ್ಮಾನಿಸದೆ ಸಮಿತಿಯನ್ನು ಕೇಳಬೇಕು. ಕೊಟ್ಟ ಹಣಕ್ಕೆ ರಸೀತಿ ಪಡೆಯಬೇಕು. ಫ್ಯಾಬ್ರಿಕೇಷನ್ ಘಟಕದವರು ಗೇಟನ್ನೂ, ಬ್ಲಾಕ್ ತಯಾರಕರು ಕಾಂಪೌಂಡಿಗೆ ಬ್ಲಾಕ್‌ಗಳನ್ನೂ, ಎಲೆಕ್ಟ್ರಿಕಲ್ ವ್ಯಾಪಾರಿಗಳು ವೈರಿಂಗನ್ನೂ ಕೊಡಬಲ್ಲರು. ನಮ್ಮ ನಮ್ಮ ಸರಕಿನಲ್ಲಿಯೇ ಶಾಲೆಗೆ ಬೇಕಾದದ್ದು ಇರುತ್ತದೆ.

ನಮ್ಮ ಘಟಕದ ಆ ಹುಡುಗಿ ನಂತರ ಎರಡು ವರ್ಷ ಇಲ್ಲಿನ ಶಾಲೆಯಲ್ಲಿ ಓದಿದಳು. ಅವಳ ತಂದೆ ತಾಯಿ ಊರಿಗೆ ಹೊರಟಾಗ ಟಿ.ಸಿ. ಪಡೆದೇ ಹೊರಟರು. ಅದಕ್ಕೂ ಮುಖ್ಯವಾದ ಸಂಗತಿಯೆಂದರೆ, ಅಷ್ಟು ಕಾಲ ಅವರು ನಮ್ಮಲ್ಲಿಯೇ ನಿಂತರು. ಆರು ತಿಂಗಳಿಗೊಮ್ಮೆ ಕೆಲಸಗಾರರು ಬದಲಾಗುವ ಈ ವ್ಯವಹಾರದಲ್ಲಿ ಒಂದು ಸಂಸಾರ ಶಾಲೆಯ ವರ್ಷ ಮುಗಿಯುವವರೆಗೆ ಕದಲಲಿಲ್ಲ. ಮಗಳ ಪರೀಕ್ಷೆ ಮುಗಿಯಲಿ ಎಂಬುದೇ ಅದಕ್ಕೆ ಕಾರಣ.

ಬರುವ ಜೂನ್‌ಗೆ ಕಾಯಬೇಕಾಗಿಲ್ಲ. ಈ ಸಂಚಿಕೆ ಕೈಸೇರಿದ ದಿನವೇ ಸದಸ್ಯರು ತಮ್ಮ ಅಂಗಳವನ್ನೊಮ್ಮೆ ಸುತ್ತಿ, ಶಾಲೆಯ ವೇಳೆಯಲ್ಲಿ ಅಲ್ಲಿರುವ ಮಕ್ಕಳೆಷ್ಟು ಎಂದು ಎಣಿಸಲಿ. ಒಂದು ಮಗು ಕಂಡರೂ ಮರುದಿನವೇ ಸಮೀಪದ ಶಾಲೆಯ ಮುಖ್ಯೋಪಾಧ್ಯಾಯರನ್ನು ಕಾಣಲಿ. ಬಾಗಿಲು ತೆರೆದಿದೆ, ದಾರಿ ತೋರಿಸುವವರು ಬೇಕಾಗಿದ್ದಾರೆ.